ವಿಯರ್ ಕೆಟ್ಟಾಗ ಮಿಡ್‌ಲೈನ್: ಹೈಸ್ಕೂಲ್ ಫುಟ್‌ಬಾಲ್ ತಂಡಕ್ಕೆ ಎರಡನೇ ಆಪ್ಷನ್ ಕಲಿಸುವ ಕ್ರಮ

ಆಪ್ಷನ್ ಓಟವನ್ನು ನಂಬಿಕೊಂಡ, ಅಮೆರಿಕನ್ ಫುಟ್‌ಬಾಲ್ ಆಡುವ ಹೈಸ್ಕೂಲ್ ತಂಡಗಳು ಸಾಮಾನ್ಯವಾಗಿ ಎಡವುವುದು ಮೂರನೇ, ನಾಲ್ಕನೇ ಪಂದ್ಯದ ಹೊತ್ತಿಗೆ. ಅಲ್ಲಿಯವರೆಗೆ ಇನ್‌ಸೈಡ್ ವಿಯರ್ ಎಂಬ ಮೂಲ ಪ್ಲೇ (ಮೊದಲೇ ಗೊತ್ತುಮಾಡಿಕೊಂಡ ನಡೆ) ಚೆನ್ನಾಗಿ ನಡೆದಿರುತ್ತದೆ. ಅಷ್ಟರಲ್ಲಿ ಎದುರಾಳಿಗಳು ವಿಡಿಯೊ ನೋಡಿ ಅದಕ್ಕೆ ಮದ್ದು ಕಂಡುಕೊಂಡಿರುತ್ತಾರೆ. ಗಾಬರಿಬಿದ್ದ ಕೋಚ್ ಅದೇ ವಾರ ನಾಲ್ಕು ಹೊಸ ಪ್ಲೇ ಸೇರಿಸುತ್ತಾರೆ. ನಾಲ್ಕಕ್ಕೂ ಬೇರೆ ಹೆಜ್ಜೆ, ಬೇರೆ ಬ್ಲಾಕಿಂಗ್ (ಎದುರಾಳಿಯನ್ನು ಮೈಯಿಂದ ತಡೆಯುವುದು). ಶುಕ್ರವಾರ ರಾತ್ರಿ ಮೈದಾನಕ್ಕಿಳಿದ ಹುಡುಗರಿಗೆ ಹಳೆಯದು ಮರೆತಿರುತ್ತದೆ, ಹೊಸದು ಬಂದಿರುವುದಿಲ್ಲ.

ಸೇರಿಸಬೇಕಾದದ್ದು ಜೊತೆ ಪ್ಲೇ. ನಿಲುವು ಅದೇ ಇರಬೇಕು, ಓಡುವವರು ಅವರೇ ಇರಬೇಕು. ಚೆಂಡು ಮೊದಲು ಪಡೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಯಾರನ್ನು ನೋಡಿ ತೀರ್ಮಾನಿಸುತ್ತಾನೆ ಎನ್ನುವುದು ಬದಲಾದರೆ ಸಾಕು. ವಿಯರ್‌ಗೆ ಮೊದಲ ಜೊತೆ ಮಿಡ್‌ಲೈನ್, ಎರಡನೆಯದು ರಾಕೆಟ್ ಟಾಸ್. ಈ ಕ್ರಮ ಬದಲಿಸಬೇಡಿ.

ಮಗನ ಆಟ ನೋಡಲು ಹೋಗಿ ತಲೆಬುಡ ತಿಳಿಯದೆ ಕೂತ ಅಪ್ಪ ಅಮ್ಮಂದಿರಿಗೆ ಒಂದು ವಿವರಣೆ. ಆಪ್ಷನ್‌ನಲ್ಲಿ ಎದುರಾಳಿಯ ಒಬ್ಬನನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಅವನಿಗೆ ರೀಡ್ ಕೀ ಎಂದು ಹೆಸರು. ಅವನು ಕ್ವಾರ್ಟರ್‌ಬ್ಯಾಕ್ ಹಿಂದಿನಿಂದ ಓಡಿ ಬರುವ ಫುಲ್‌ಬ್ಯಾಕ್ ಮೇಲೆ ಬಿದ್ದರೆ ಚೆಂಡು ಕ್ವಾರ್ಟರ್‌ಬ್ಯಾಕ್ ಬಳಿಯೇ ಉಳಿಯುತ್ತದೆ, ಬೀಳದಿದ್ದರೆ ಫುಲ್‌ಬ್ಯಾಕ್ ಕೈಗೆ ಹೋಗುತ್ತದೆ. ಹಾಕಿಯಲ್ಲಿ ಇಬ್ಬರು ಫಾರ್ವರ್ಡ್‌ಗಳು ಒಬ್ಬನೇ ಡಿಫೆಂಡರ್ ಮೇಲೆ ನುಗ್ಗಿದರೆ ಅವನು ಯಾರ ಕಡೆ ಹೋದರೂ ಸೋಲುತ್ತಾನಲ್ಲ, ಅದೇ ಲೆಕ್ಕ. 1960ರ ದಶಕದಲ್ಲಿ ಬಿಲ್ ಯೋಮನ್ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ವಿಯರ್ ಬೆಳೆಸಿದ್ದು, 1968ರಲ್ಲಿ ಎಮೊರಿ ಬೆಲ್ಲಾರ್ಡ್ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ವಿಷ್‌ಬೋನ್ ಎಂಬ ನಿಲುವು ತಂದದ್ದು ಇದೇ ಲೆಕ್ಕದ ಮೇಲೆ. ತಡೆಯಬೇಕಾದವರಲ್ಲಿ ಒಬ್ಬ ಕಡಿಮೆಯಾಗುವುದರಿಂದ ದೊಡ್ಡ ಮೈಕಟ್ಟಿನ ಹುಡುಗರಿಲ್ಲದ ಶಾಲೆಗೂ ಇದು ಒಗ್ಗುತ್ತದೆ.

1. ನಿಲುವು ಅಳೆಯಿರಿ

ಲೈನಿನ ಹುಡುಗರ (ಮಧ್ಯೆ ಸೆಂಟರ್, ಅವನ ಎರಡೂ ಬದಿಗೆ ಗಾರ್ಡ್, ಅವರಾಚೆ ಟ್ಯಾಕಲ್) ನಡುವೆ 3 ಅಡಿ. ಫುಲ್‌ಬ್ಯಾಕ್ ಚೆಂಡಿನಿಂದ ಸುಮಾರು 4 ಗಜ ಹಿಂದೆ. ಇಬ್ಬರು ಸ್ಲಾಟ್‌ಬ್ಯಾಕ್‌ಗಳು ಟ್ಯಾಕಲ್‌ಗಿಂತ 1 ಗಜ ಹೊರಗೆ, 1 ಗಜ ಹಿಂದೆ. ಅಂತರ ಕಲಿಸಲು ಹಳೆಯ ಫೈರ್ ಹೋಸ್ ತುಂಡೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಪೇಂಟಿನಲ್ಲಿ ಗುರುತು ಹಾಕಿ. ಇದಕ್ಕೆಂದೇ ಮಾರುವ ತೆಳು ಪ್ಲಾಸ್ಟಿಕ್ ಪಟ್ಟಿಗಳು ಗಾಳಿಗೆ ಏಳುತ್ತವೆ, ಕ್ಲೀಟ್ಸ್ (ಬೂಟಿನ ಮುಳ್ಳು) ತಗುಲಿ ಹರಿಯುತ್ತವೆ. ದುಡ್ಡು ದಂಡ. ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ ಸುಸ್ತಾದ ಹುಡುಗರು ತಮಗೇ ಗೊತ್ತಿಲ್ಲದೆ 2 ಅಡಿಗೆ ಕೂಡಿಕೊಳ್ಳುತ್ತಾರೆ. ಆಗ ರೀಡ್ ಕೀ ನಿಂತಲ್ಲಿಂದಲೇ ಫುಲ್‌ಬ್ಯಾಕ್, ಕ್ವಾರ್ಟರ್‌ಬ್ಯಾಕ್ ಇಬ್ಬರಿಗೂ ಕೈ ಹಾಕಬಲ್ಲ. ಅಲ್ಲಿಗೆ ಆಪ್ಷನ್ ಸತ್ತಂತೆ.

ಶಾಟ್‌ಗನ್‌ನಿಂದಲೂ (ಕ್ವಾರ್ಟರ್‌ಬ್ಯಾಕ್ ಸೆಂಟರ್‌ನಿಂದ ಕೆಲವು ಗಜ ಹಿಂದೆ ನಿಲ್ಲುವ ನಿಲುವು) ಇದನ್ನೆಲ್ಲ ಆಡಿಸುವವರಿದ್ದಾರೆ. ಹೊಸದಾಗಿ ಕಲಿಯುವ ತಂಡಕ್ಕೆ ಅದು ಬೇಡ. ಹಾರಿ ಬರುವ ಸ್ನ್ಯಾಪ್ (ಸೆಂಟರ್ ಹಿಂದಕ್ಕೆ ಕೊಡುವ ಚೆಂಡು) ಹಿಡಿಯಲು ಕಣ್ಣು ಚೆಂಡಿನ ಮೇಲಿರಬೇಕಾಗುತ್ತದೆ. ರೀಡ್ ಕೀ ತನ್ನ ಮೊದಲ ಹೆಜ್ಜೆ ಇಡುವುದು ಆ ಕ್ಷಣದಲ್ಲೇ. ಸೆಂಟರ್‌ಗೆ ಅಂಟಿ ನಿಂತು ಚೆಂಡು ಪಡೆಯುವವನ ಕಣ್ಣು ಮೊದಲಿನಿಂದಲೂ ಸ್ವತಂತ್ರ.

2. ವಿಯರ್ ಯಾರಿಂದ ಕೆಡುತ್ತಿದೆ ಪತ್ತೆಮಾಡಿ

ಗಾರ್ಡ್‌ನ ಹೊರಭುಜದ ಎದುರು ನಿಲ್ಲುವ ಡಿಫೆನ್ಸಿವ್ ಟ್ಯಾಕಲ್‌ಗೆ ತ್ರೀ ಟೆಕ್ನಿಕ್ ಎನ್ನುತ್ತಾರೆ. ಅವನು ನಿಮ್ಮ ಗಾರ್ಡನ್ನು ಸೋಲಿಸಿ ನೇರ ಒಳಗೆ ನುಗ್ಗುತ್ತಿದ್ದರೆ ಉತ್ತರ ಮಿಡ್‌ಲೈನ್. ತಡೆಯಲಾಗದವನನ್ನು ತಡೆಯದೆಯೇ ಬಿಟ್ಟು, ಅವನನ್ನೇ ರೀಡ್ ಕೀ ಮಾಡಿಕೊಳ್ಳುವ ಪ್ಲೇ ಅದು. ಎದುರಾಳಿ ಲೈನಿನ ತುದಿಯ ಡಿಫೆನ್ಸಿವ್ ಎಂಡ್ ಫುಲ್‌ಬ್ಯಾಕ್ ಮೇಲೆ ಬಿದ್ದು, ಲೈನಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಅವನ ಹಿಂದಿನಿಂದ ಸುತ್ತಿ ಬಂದು ಕ್ವಾರ್ಟರ್‌ಬ್ಯಾಕನ್ನು ಹಿಡಿಯುತ್ತಿದ್ದರೂ ಮಿಡ್‌ಲೈನೇ ಮದ್ದು, ಏಕೆಂದರೆ ಹೊರಕ್ಕೆ ಹೊರಟ ಲೈನ್‌ಬ್ಯಾಕರ್ ನಡುವಿನ ಜಾಗ ಖಾಲಿ ಮಾಡಿಕೊಡುತ್ತಾನೆ. ಎಲ್ಲರೂ ಒಳಕ್ಕೇ ಕಿಕ್ಕಿರಿದಿದ್ದರೆ ಹೊರಬದಿಗೆ ಓಡುವ ರಾಕೆಟ್. ಎಲ್ಲರಿಗಿಂತ ಹಿಂದೆ ನಿಲ್ಲುವ ಸೇಫ್ಟಿ ಓಡಿಬಂದು ಕೆಡವುತ್ತಿದ್ದರೆ ಅವನ ತಲೆಯ ಮೇಲಿಂದ ಸ್ಲಾಟ್‌ಬ್ಯಾಕ್‌ಗೆ ಪಾಸ್.

3. ಬ್ಲಾಕಿಂಗ್

ಬಲಕ್ಕೆ ಮಿಡ್‌ಲೈನ್ ಎಂದುಕೊಳ್ಳಿ. ಬಲ ಗಾರ್ಡ್ ತ್ರೀ ಟೆಕ್ನಿಕ್‌ನನ್ನು ಮುಟ್ಟದೆ ಅವನ ಒಳಬದಿಯಿಂದ ನುಸುಳಿ ನಡುವಿನ ಲೈನ್‌ಬ್ಯಾಕರ್ ಮೇಲೆ ಹೋಗುತ್ತಾನೆ. ಬಲ ಟ್ಯಾಕಲ್ ಎಂಡ್‌ನನ್ನು ಹೊರಕ್ಕೆ ತಳ್ಳುತ್ತಾನೆ. ಸೆಂಟರ್ ಮತ್ತು ಎಡ ಗಾರ್ಡ್ ಸೇರಿ ಇನ್ನೊಬ್ಬ ಡಿಫೆನ್ಸಿವ್ ಟ್ಯಾಕಲ್‌ನನ್ನು ನೋಡಿಕೊಳ್ಳುತ್ತಾರೆ. ಬಲ ಸ್ಲಾಟ್‌ಬ್ಯಾಕ್ ಗಾರ್ಡ್ ಮತ್ತು ಟ್ಯಾಕಲ್ ನಡುವಿನ ಕಿಂಡಿಯಿಂದ ಒಳಹೊಕ್ಕು ಬಲಗಡೆಯ ಲೈನ್‌ಬ್ಯಾಕರನ್ನು ಹಿಡಿಯುತ್ತಾನೆ. ಇಲ್ಲಿ ಪದೇ ಪದೇ ಆಗುವ ತಪ್ಪು ಗಾರ್ಡ್‌ನದು: ಹೋಗುವ ದಾರಿಯಲ್ಲಿ ಅಭ್ಯಾಸಬಲದಿಂದ ತ್ರೀ ಟೆಕ್ನಿಕ್‌ಗೆ ಭುಜ ಕೊಡುತ್ತಾನೆ. ಪೆಟ್ಟು ತಿಂದವನು ನಿಂತಲ್ಲೇ ನಿಂತುಬಿಡುತ್ತಾನೆ, ಕ್ವಾರ್ಟರ್‌ಬ್ಯಾಕ್‌ಗೆ ಓದಲು ಏನೂ ಸಿಗುವುದಿಲ್ಲ.

4. ಮೆಶ್

ಎಲ್ಲ ಕೆಡುವುದು ಇಲ್ಲೇ. ಕ್ವಾರ್ಟರ್‌ಬ್ಯಾಕ್‌ನ ಕೈ, ಚೆಂಡು, ಫುಲ್‌ಬ್ಯಾಕ್‌ನ ಹೊಟ್ಟೆ ಮೂರೂ ಕೂಡುವ ಆ ಗಳಿಗೆಗೆ ಮೆಶ್ ಎಂದು ಹೆಸರು. ವಿಯರ್‌ನಲ್ಲಿ ಫುಲ್‌ಬ್ಯಾಕ್‌ನ ಗುರಿ ಗಾರ್ಡ್‌ನ ಬೆನ್ನು. ಮಿಡ್‌ಲೈನ್‌ನಲ್ಲಿ ಸೆಂಟರ್‌ನ ಬೆನ್ನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹಾಗಾಗಿ ಸ್ನ್ಯಾಪ್ ಆದ ಕೂಡಲೇ ಕ್ವಾರ್ಟರ್‌ಬ್ಯಾಕ್ ತನ್ನ ಎರಡೂ ಪಾದಗಳನ್ನು ಸೆಂಟರ್ ಹಿಂದಿನ ನೇರ ಗೆರೆಯಿಂದ ತೆಗೆಯಬೇಕು. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಕಲಿಸಿ. ಒಂದು ಪಾದ ಗೆರೆಯ ಮೇಲೆ ಉಳಿದರೂ ಫುಲ್‌ಬ್ಯಾಕ್ ಅದನ್ನು ತಪ್ಪಿಸಲು ಬಾಗುತ್ತಾನೆ, ಬಾಗಿದರೆ ನೇರ ಹೋಗಿ ಎದುರಾಳಿಯ ತೋಳಿಗೆ ಬೀಳುತ್ತಾನೆ.

ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಚಾಚಿ, ಬರುತ್ತಿರುವ ಫುಲ್‌ಬ್ಯಾಕ್‌ನ ಹೊಟ್ಟೆಗೆ ಇಟ್ಟು, ಅವನ ಜೊತೆಯಲ್ಲೇ ಮುಂದಕ್ಕೆ ತರಬೇಕು. ಕೊಡುವುದೋ ಇಟ್ಟುಕೊಳ್ಳುವುದೋ ಎನ್ನುವುದು ಚೆಂಡು ಕ್ವಾರ್ಟರ್‌ಬ್ಯಾಕ್‌ನ ಮುಂದಿನ ಸೊಂಟ ದಾಟುವುದರೊಳಗೆ ತೀರ್ಮಾನವಾಗಬೇಕು. ದಾಟಿದ ಮೇಲೆ ಎಳೆದರೆ ಫಂಬಲ್ (ಚೆಂಡು ಕೈಜಾರುವುದು) ಖಚಿತ. ಫುಲ್‌ಬ್ಯಾಕ್ ಕ್ವಾರ್ಟರ್‌ಬ್ಯಾಕ್ ಕಡೆಯ ಮೊಣಕೈ ಮೇಲೆತ್ತಿ ಜಾಗ ಮಾಡಿಕೊಡುತ್ತಾನೆ, ಚೆಂಡು ಬಂದಾಗ ಮೆತ್ತಗೆ ಒತ್ತಿಕೊಳ್ಳುತ್ತಾನೆ, ಅಪ್ಪಿ ಹಿಡಿಯುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಕೈ ಸರಿದದ್ದು ಗೊತ್ತಾದ ಮೇಲಷ್ಟೇ ಬಿಗಿ. ನಿರ್ಧಾರ ಯಾವತ್ತೂ ಕ್ವಾರ್ಟರ್‌ಬ್ಯಾಕ್‌ನದು. ಇಬ್ಬರೂ ನಿರ್ಧರಿಸಲು ಹೊರಟರೆ ಚೆಂಡು ನೆಲಕ್ಕೆ.

ಏನನ್ನು ಓದಬೇಕು? ಒಂದೇ ಪ್ರಶ್ನೆ ಕಲಿಸಿ: ಇವನು ಫುಲ್‌ಬ್ಯಾಕನ್ನು ಕೆಡವಬಲ್ಲನೇ? ಕೆಡವಲಾರ ಎಂದರೆ ಕೊಡು. ರೀಡ್ ಕೀಯ ಭುಜಗಳು ನೇರವಾಗಿದ್ದರೆ, ಹೊರಕ್ಕೆ ಸರಿದರೆ, ಅಥವಾ ಫುಲ್‌ಬ್ಯಾಕನ್ನು ಬಿಟ್ಟು ಕ್ವಾರ್ಟರ್‌ಬ್ಯಾಕ್ ಮೇಲೇ ನುಗ್ಗಿದರೆ ಕೊಡಬೇಕು. ಭುಜ ಒಳಕ್ಕೆ ತಿರುಗಿ, ಹೆಲ್ಮೆಟ್ ಸೆಂಟರ್ ಕಡೆ ಹೋದರೆ ಎಳೆದುಕೊಂಡು ಕಿಂಡಿಯಲ್ಲಿ ನೇರ ಮುಂದಕ್ಕೆ. ಅತ್ತ ಇತ್ತ ತೂಗುತ್ತ ನಿಂತವನ ವಿಷಯದಲ್ಲಿ ಅನುಮಾನ ಬಂದರೆ ಕೊಡುವುದೇ ಸರಿ. ಮೂರು ಗಜ ಸಿಕ್ಕರೂ ಚೆಂಡು ನಮ್ಮದೇ. ವಿಯರ್‌ಗಿಂತ ಇಲ್ಲಿ ಎಲ್ಲವೂ ಬೇಗ ಆಗುತ್ತದೆ, ಏಕೆಂದರೆ ಓದಬೇಕಾದವನು ಮೂಗಿನ ಮುಂದೆಯೇ ಇದ್ದಾನೆ. ಹಾಗಾಗಿ ಹಡಲ್‌ನಿಂದ (ಪ್ಲೇ ಹೇಳಿಕೊಳ್ಳಲು ಕೂಡುವ ಗುಂಪು) ಬರುವಾಗಲೇ ಅವನೆಲ್ಲಿ ನಿಂತಿದ್ದಾನೆ ಎಂದು ನೋಡಿಕೊಂಡಿರಬೇಕು.

ಅಭ್ಯಾಸಕ್ಕೆ ದಿನಾ 10 ನಿಮಿಷ ಮೀಸಲಿಡಿ. ಒಬ್ಬ ಕೋಚ್ ರೀಡ್ ಕೀ ಆಗಿ ನಿಂತು ಪ್ರತಿ ಸಲ ಬೇರೆ ಚಲನೆ ತೋರಿಸಲಿ. ಇನ್ನೊಬ್ಬರು ಅವರ ಹಿಂದೆ ಬೆರಳೆತ್ತಲಿ. ಎಷ್ಟು ಬೆರಳು ಎಂದು ಕ್ವಾರ್ಟರ್‌ಬ್ಯಾಕ್ ಮೆಶ್ ನಡೆಯುವಾಗಲೇ ಕೂಗಿ ಹೇಳಬೇಕು. ಕಣ್ಣು ಚೆಂಡಿಗೆ ಬಿದ್ದಿದ್ದರೆ ಆಗಲೇ ಸಿಕ್ಕಿಬೀಳುತ್ತಾನೆ. ಅಗ್ಗದ ರಬ್ಬರ್ ಚೆಂಡಿನಲ್ಲಿ ಈ ಅಭ್ಯಾಸ ಮಾಡಿಸಬೇಡಿ, ಪಂದ್ಯದ ಲೆದರ್ ಚೆಂಡಿನ ಹಿಡಿತವೇ ಬೇರೆ. ಮೊಬೈಲ್ ಆ್ಯಪ್‌ನಲ್ಲಿ ರೀಡ್ ಕಲಿಸುತ್ತೇವೆ ಎನ್ನುವವರಿಗೂ ಹಣ ಕೊಡಬೇಡಿ. ಎದುರು ನಿಜವಾದ ಮೈ ಬರಬೇಕು.

ಒಂದು ಅಡ್ಡದಾರಿ ಬಹಳ ಕಡೆ ಕಾಣುತ್ತದೆ. ಹುಡುಗನಿಗೆ ರೀಡ್ ಕೀಯನ್ನು ಓದಲು ಬರುವುದಿಲ್ಲವೆಂದು ಯಾರಿಗೆ ಚೆಂಡು ಎಂಬುದನ್ನು ಕೋಚ್ ಮೊದಲೇ ಹೇಳಿಬಿಡುತ್ತಾರೆ, ಆದರೆ ಬ್ಲಾಕಿಂಗ್ ಬದಲಿಸುವುದಿಲ್ಲ. ತಡೆಯದೆ ಬಿಟ್ಟ ಆ ತ್ರೀ ಟೆಕ್ನಿಕ್‌ಗೆ ಫುಲ್‌ಬ್ಯಾಕನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಮೊದಲೇ ನಿರ್ಧರಿಸುವುದಾದರೆ ಗಾರ್ಡ್ ಅವನನ್ನು ತಡೆಯಲೇಬೇಕು.

5. ರಾಕೆಟ್ ಟಾಸ್

ಇದು ಸುಲಭ. ಆಚೆಯ ಸ್ಲಾಟ್‌ಬ್ಯಾಕ್ ಸ್ನ್ಯಾಪ್‌ಗೆ ಮುಂಚೆಯೇ ಪೂರ್ತಿ ವೇಗದಲ್ಲಿ ಹಿಂದಿನಿಂದ ಅಡ್ಡ ಓಡಿ ಬರುತ್ತಾನೆ, ಕ್ವಾರ್ಟರ್‌ಬ್ಯಾಕ್ ತಿರುಗಿ ಚೆಂಡು ಎಸೆಯುತ್ತಾನೆ. ಸ್ನ್ಯಾಪ್ ಆಗುವ ಹೊತ್ತಿಗೆ ಓಟಗಾರ ಮುಂದಕ್ಕೆ ವಾಲಿರಬಾರದು. ಎಸೆತ ಹಿಂದಕ್ಕೇ ಹೋಗಬೇಕು, ನೆಲಕ್ಕೆ ಬಿದ್ದರೆ ಯಾರು ಹಿಡಿದರೆ ಅವರದು. ಹೈಸ್ಕೂಲ್ ಮೈದಾನದಲ್ಲಿ ಹ್ಯಾಶ್ ಗುರುತುಗಳು (ಉದ್ದಕ್ಕೂ ಸಾಗುವ ಎರಡು ಸಾಲು ಪುಟ್ಟ ಗೆರೆಗಳು) 160 ಅಡಿ ಅಗಲವನ್ನು ಮೂರು ಸಮಪಾಲು ಮಾಡುತ್ತವೆ. ಚೆಂಡು ಒಂದು ಹ್ಯಾಶ್‌ನಲ್ಲಿದ್ದರೆ ಇನ್ನೊಂದು ಬದಿಯಲ್ಲಿ 106 ಅಡಿಗೂ ಹೆಚ್ಚು ಬಯಲು. ರಾಕೆಟ್ ಆ ಕಡೆಗೇ ಇರಲಿ. ಎರಡು ಸಲ ಓಡಿಸಿದ ಮೇಲೆ ಅದೇ ಓಟ ತೋರಿಸಿ ಮಿಡ್‌ಲೈನ್ ಆಡಿ, ಲೈನ್‌ಬ್ಯಾಕರ್‌ಗಳು ಹೊರಕ್ಕೆ ಹೊರಟಿರುತ್ತಾರೆ.

ಒಂದು ಕಡೆ ಹೊರಟಂತೆ ತೋರಿಸಿ ಇನ್ನೊಂದು ಕಡೆ ಓಡುವ ಕೌಂಟರ್ ಆಪ್ಷನ್ ಮೊದಲ ವರ್ಷ ಬೇಡವೇ ಬೇಡ. ಗಾರ್ಡ್ ಪುಲ್ ಮಾಡಬೇಕು (ತನ್ನ ಜಾಗ ಬಿಟ್ಟು ಅಡ್ಡ ಓಡಬೇಕು), ಸ್ಲಾಟ್‌ಬ್ಯಾಕ್ ಹೋಗಿ ಮರಳಬೇಕು. ವಿಯರ್ ಅಭ್ಯಾಸದ ಸಮಯವನ್ನೆಲ್ಲ ಅದೇ ತಿನ್ನುತ್ತದೆ.

6. ನಿಯಮ ನೋಡಿಕೊಳ್ಳಿ

ಕಾಲೇಜು ತಂಡಗಳ ಹಳೆಯ ವಿಡಿಯೊಗಳಲ್ಲಿ ಸ್ಲಾಟ್‌ಬ್ಯಾಕ್‌ಗಳು ಎದುರಾಳಿಯ ತೊಡೆಗೆ ಬಿದ್ದು ಕೆಡವುವುದನ್ನು ನೋಡಿ ನಕಲು ಮಾಡಬೇಡಿ. ಹೆಚ್ಚಿನ ರಾಜ್ಯಗಳು ಪಾಲಿಸುವ ಎನ್‌ಎಫ್‌ಎಚ್‌ಎಸ್ (ಹೈಸ್ಕೂಲ್ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟ) ನಿಯಮದಲ್ಲಿ ಅದಕ್ಕೆ 15 ಗಜ ದಂಡ. ಸೊಂಟದ ಕೆಳಗಿನ ಬ್ಲಾಕ್ ಲೈನಿನವರಿಗೆ ಮಾತ್ರ, ಅದೂ ಚೆಂಡಿನ ಆಚೀಚೆ 4 ಗಜದೊಳಗೆ, ಸ್ನ್ಯಾಪ್ ಆದ ತಕ್ಷಣ. ಟೆಕ್ಸಾಸ್ ಹೈಸ್ಕೂಲುಗಳು ಕಾಲೇಜಿನ ಎನ್‌ಸಿಎಎ ನಿಯಮ ಅನುಸರಿಸುವುದರಿಂದ ಡಲ್ಲಾಸ್ ಕಡೆಯವರು ಅಲ್ಲಿಯ ಅಂಪೈರ್‌ಗಳನ್ನೇ ಕೇಳಿ. ಪಾಸ್ ಸೇರಿಸಿದಾಗ ಇನ್ನೊಂದು ಎಚ್ಚರ: ಓಟಕ್ಕೆಂದು ಮುನ್ನುಗ್ಗಿ ರೂಢಿಯಾದ ಲೈನಿನ ಹುಡುಗರು ಚೆಂಡು ಕೈಬಿಡುವ ಮೊದಲೇ ಆಟ ಶುರುವಾದ ಗೆರೆಯಿಂದ 2 ಗಜ ದಾಟಿಬಿಡುತ್ತಾರೆ, ಒಳ್ಳೆಯ ಪಾಸ್ ರದ್ದಾಗುತ್ತದೆ.

ಕೊನೆಯದಾಗಿ, ಬದಲಿ ಕ್ವಾರ್ಟರ್‌ಬ್ಯಾಕ್‌ಗೂ ಮೆಶ್ ಅಭ್ಯಾಸದಲ್ಲಿ ಮೂರರಲ್ಲಿ ಒಂದು ಪಾಲು ಕೊಡಿ, ಮೊದಲ ತಂಡದ ಫುಲ್‌ಬ್ಯಾಕ್ ಜೊತೆಯಲ್ಲೇ. ಚೆಂಡು ಕೊಟ್ಟರೂ ಇಟ್ಟುಕೊಂಡರೂ ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಪ್ರತಿ ಸಲ ಪೆಟ್ಟು ತಿನ್ನುತ್ತಾನೆ. ಋತುವಿನ ನಡುವೆ ಒಂದಲ್ಲ ಒಂದು ಶುಕ್ರವಾರ ಬದಲಿ ಹುಡುಗನೇ ಸೆಂಟರ್ ಹಿಂದೆ ನಿಲ್ಲಬೇಕಾಗುತ್ತದೆ.