ಸ್ವಿಫ್ಟ್‌ಗೆ ಎಸ್‌ಎಕ್ಸ್4 ಟರ್ಬೊ: ಕೊನೆಗೂ ಕೂತಿತು

ಕಳೆದ ತಿಂಗಳು ನನಗೆ ಮೆಕ್ಯಾನಿಕ್ ಕೆಲಸ ಕಲಿಸಿದ ಉಸ್ತಾದ್ ನನ್ನ ಡೀಸೆಲ್ ಸ್ವಿಫ್ಟ್ ತಗೊಂಡು ದಾವಣಗೆರೆಯಿಂದ ಹರಿಹರದವರೆಗೆ ಹೋಗಿ ಬಂದರು. ಇಳಿದವರು ಏನೂ ಮಾತಾಡಲಿಲ್ಲ. ಬಾನೆಟ್ ಎತ್ತಿ ಎರಡು ನಿಮಿಷ ನೋಡುತ್ತ ನಿಂತರು. ಒಂದೂವರೆ ವರ್ಷದ ಹಿಂದೆ, ಇದಕ್ಕೆ ಮಾರುತಿಯ ಎಸ್‌ಎಕ್ಸ್4 ಕಾರಿನ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಫ್ಯಾನು) ಹಾಕುತ್ತೇನೆ ಅಂದಾಗ ಇದೇ ಮನುಷ್ಯ, "ಲೇ ತಮ್ಮಾ, ನೆಟ್ಟಗಿರೋ ಗಾಡಿ ಯಾಕ್ ಕೆಡಿಸ್ತೀಯ" ಅಂದಿದ್ದರು. ಅವರೊಬ್ಬರೇ ಅಲ್ಲ, ಬೀದಿಯಲ್ಲಿ ಸ್ಪ್ಯಾನರ್ ಹಿಡಿದವರೆಲ್ಲ ಅಂದವರೇ. ಅದಕ್ಕೇ ಬರೆಯುತ್ತಿದ್ದೇನೆ.

1.3 ಮಲ್ಟಿಜೆಟ್ ಬಗ್ಗೆ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಫಿಯಟ್ ಮತ್ತು ಜಿಎಂ (ಜನರಲ್ ಮೋಟಾರ್ಸ್) ಸೇರಿ ಮಾಡಿದ 1,248 ಸಿಸಿ ಡೀಸೆಲ್ ಎಂಜಿನ್. ಮಾರುತಿಯಲ್ಲಿ ಡಿಡಿಐಎಸ್, ಟಾಟಾದಲ್ಲಿ ಕ್ವಾಡ್ರಾಜೆಟ್, ಶೆವರ್ಲೆ ಸೇಲ್‌ನಲ್ಲಿ ಸ್ಮಾರ್ಟೆಕ್. ಹೆಸರು ಬೇರೆ ಬೇರೆ, ಬೋರ್ (ಸಿಲಿಂಡರ್ ಅಗಲ) 69.6 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 82 ಮಿ.ಮೀ. ಮಾತ್ರ ಎಲ್ಲ ಕಡೆ ಅದೇ. ಫಿಯಟ್‌ನವರು ಪುಣೆ ಹತ್ತಿರ ರಂಜನ್‌ಗಾಂವ್‌ನಲ್ಲಿ ಮಾಡುತ್ತಿದ್ದರು, ಸುಜುಕಿಯವರು ಮಾನೇಸರ್‌ನಲ್ಲಿ. ನನ್ನದು 2009ರ ಸ್ವಿಫ್ಟ್, 75 ಹಾರ್ಸ್‌ಪವರ್, ಮಾಮೂಲಿ ಟರ್ಬೊ. 2011ರಲ್ಲಿ ಬಂದ ಎಸ್‌ಎಕ್ಸ್4 ಡೀಸೆಲ್‌ನಲ್ಲಿ ಇದೇ ಎಂಜಿನ್ 90 ಕೊಡುತ್ತಿತ್ತು, ವಿಜಿಟಿ ಟರ್ಬೊ, ಅಂದರೆ ಒಳಗಿನ ರೆಕ್ಕೆಗಳ ಕೋನ ಬದಲಾಗುವ ಟರ್ಬೊ ಹಾಕಿದ್ದರಿಂದ. ಹಾಗಾದರೆ ಅದರದ್ದನ್ನು ಇದಕ್ಕೆ ಯಾಕೆ ಹಾಕಬಾರದು? ನನ್ನ ತಲೆಗೆ ಹೊಕ್ಕ ಹುಳ ಇಷ್ಟೇ.

ಮೊದಲ ತಪ್ಪು ನನ್ನ ಜಿಪುಣತನದ್ದು. ಹುಬ್ಬಳ್ಳಿ ಕಡೆ ಗುಜರಿಯಲ್ಲಿ ಫಿಯಟ್ ಲೀನಿಯಾದ ವಿಜಿಟಿ ಟರ್ಬೊ ಸಿಕ್ಕಿತು, 14,000 ರೂಪಾಯಿಗೆ. ಒಂದೇ ಎಂಜಿನ್ ಅಲ್ವಾ ಅಂತ ಕಣ್ಣುಮುಚ್ಚಿ ತಂದೆ. ಎಂಜಿನ್ ಒಂದೇ ಆದರೂ ಬಾಡಿ ಒಂದೇ ಅಲ್ಲ. ಸೈಲೆನ್ಸರ್ ಕಡೆಯ ಪೈಪು ಒಂದು ದಿಕ್ಕು, ನನ್ನ ಗಾಡಿಯ ಜಾಗ ಇನ್ನೊಂದು ದಿಕ್ಕು. ಆಯಿಲ್ ರಿಟರ್ನ್ ಪೈಪು ಬಗ್ಗಿಸಲು ಹೋಗಿ ಮುರಿದೆ. ನಾಲ್ಕು ದಿನ ಒದ್ದಾಡಿ ಅದನ್ನು 6,000ಕ್ಕೆ ಮಾರಿದೆ. ಕೊಂಡವನ ಮುಂದೆ ಚೌಕಾಸಿ ಮಾಡುವ ಮುಖವೂ ಇರಲಿಲ್ಲ.

ಆಮೇಲೆ ಆಕ್ಸಿಡೆಂಟ್ ಆದ ಎಸ್‌ಎಕ್ಸ್4 ಒಂದು ಸಿಕ್ಕಿತು. ಟರ್ಬೊ, ಅದರ ಗಾಳಿ ತಂಪು ಮಾಡುವ ಇಂಟರ್‌ಕೂಲರ್, ಟರ್ಬೊ ನಿಯಂತ್ರಿಸುವ ಸೊಲೆನಾಯ್ಡ್ (ವಿದ್ಯುತ್ ವಾಲ್ವ್), ಅದರ ಹೋಸ್‌ಗಳು, ಎಲ್ಲ ಸೇರಿ 27,000 ಅಂತ ನೆನಪು. ಟರ್ಬೊ ಚೆನ್ನಾಗಿ ಕೂತಿತು. ಇಂಟರ್‌ಕೂಲರ್ ಮಾತ್ರ ನನ್ನ ಬಂಪರ್ ಒಳಗೆ ನೇರವಾಗಿ ಕೂರಲಿಲ್ಲ, ಎರಡು ಪಟ್ಟಿ ವೆಲ್ಡ್ ಮಾಡಿಸಿದೆ. ನನ್ನ ಹಳೇ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇಟ್ಟುಕೊಂಡೇ ಸ್ಟಾರ್ಟ್ ಮಾಡಿದೆ. ಇದು ಎರಡನೇ ತಪ್ಪು, ದೊಡ್ಡದು.

ಹಳೇ ಟರ್ಬೊಗೆ ವೇಸ್ಟ್‌ಗೇಟ್ ಇತ್ತು, ಹೆಚ್ಚಾದ ಹೊಗೆಯನ್ನು ಹೊರಗೆ ಬಿಡುವ ಬಾಗಿಲು. ಅದು ಒತ್ತಡಕ್ಕೆ ತಾನೇ ತೆರೆದುಕೊಳ್ಳುತ್ತದೆ, ಯಾರೂ ಹೇಳಬೇಕಿಲ್ಲ. ವಿಜಿಟಿಯ ರೆಕ್ಕೆಗಳನ್ನು ತೆರೆದು ಮುಚ್ಚುವುದಕ್ಕೆ ಇಸಿಎಂ ಹೇಳಬೇಕು. ನನ್ನ ಇಸಿಎಂಗೆ ಆ ವಿಷಯವೇ ಗೊತ್ತಿಲ್ಲ. ಆ ರೆಕ್ಕೆ ಎಳೆಯುವ ವ್ಯಾಕ್ಯೂಮ್ ಪೈಪನ್ನು ನೇರ ಕೊಟ್ಟು ನೋಡೋಣ ಅಂತ ಹಿರಿಯೂರು ಕಡೆ ಹೊರಟೆ. ಐಮಂಗಲ ದಾಟುವಾಗ ಟರ್ಬೊ ಒತ್ತಡದ ಗೇಜ್ ಮುಳ್ಳು 1.8 ಬಾರ್ ಮುಟ್ಟಿತು. ಢಬ್ ಅಂತ ಸದ್ದು. ಹೋಸ್ ಕ್ಲಾಂಪ್‌ನಿಂದ ಕಿತ್ತು ಬಂದು ಹೊರಗೆ ನೇತಾಡುತ್ತಿತ್ತು, ಹಿಂದೆ ಕರಿ ಹೊಗೆ, ಡ್ಯಾಶ್‌ನಲ್ಲಿ ಎಂಜಿನ್ ಲೈಟ್. ಪಕ್ಕ ಹೋದ ಲಾರಿ ಕ್ಲೀನರ್ ಒಬ್ಬ ಕೈ ಮುಗಿದು ನಕ್ಕ. ಹಗ್ಗ ಕಟ್ಟಿ ಎಳೆಸಿಕೊಂಡು ಚಿತ್ರದುರ್ಗಕ್ಕೆ ಬಂದೆ. ಆ ರಾತ್ರಿ ಮನೆಯಲ್ಲಿ ಎಷ್ಟು ಖರ್ಚಾಯಿತು ಅಂತ ಕೇಳಿದಾಗ ಅರ್ಧ ಹೇಳಿದೆ.

ಅದೇ ಎಸ್‌ಎಕ್ಸ್4 ಇಸಿಎಂ ತರಲು ಮತ್ತೆ ಹೋದೆ. ಗುಜರಿಯವನಿಗೆ ನನ್ನ ಗರಜು ಗೊತ್ತಾಗಿತ್ತು, 12,000 ಕಿತ್ತ. ಇಸಿಎಂ ಒಂದನ್ನೇ ತಂದರೆ ಇಮ್ಮೊಬಿಲೈಜರ್ (ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಬೀಗ) ಗಾಡಿ ಏಳಲು ಬಿಡುವುದಿಲ್ಲ, ನಿಮಗೆ ಗೊತ್ತು. ಅದನ್ನು ಹೇಗೆ ಪಾರು ಮಾಡಿದೆ ಅಂತ ಇಲ್ಲಿ ಬರೆಯಲ್ಲ, ಕಳ್ಳರೂ ಓದುತ್ತಾರೆ. ಎದ್ದ ಮೇಲೆ ಐಡಲ್ (ನಿಂತಲ್ಲೇ ಓಡುವುದು) ಸರಿ ಇರಲಿಲ್ಲ, ಮೂರು ಕಾಲಿನ ಕತ್ತೆ ನಡೆದ ಹಾಗೆ. ಎರಡು ವಾರ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಮೇಲೆ ಅನುಮಾನ ಪಟ್ಟು ಬಿಚ್ಚಿ ಕಟ್ಟಿದೆ. ತಪ್ಪು ಇಂಜೆಕ್ಟರ್‌ದಲ್ಲ. ಅವುಗಳ ತಲೆ ಮೇಲೆ ಕೊರೆದಿರುವ ಕೋಡ್‌ಗಳನ್ನು ಹೊಸ ಇಸಿಎಂಗೆ ಬರೆದಿರಲಿಲ್ಲ. ಬರೆದ ಐದು ನಿಮಿಷಕ್ಕೆ ಎಂಜಿನ್ ಮೇಲೆ ನಾಣ್ಯ ನಿಲ್ಲಿಸಬಹುದಿತ್ತು. ಸರಿ, ಸ್ವಲ್ಪ ಜಾಸ್ತಿ ಹೇಳಿದೆ.

ಈ ನಡುವೆ ಸುಮ್ನೆ ಇರಲಾರದೆ ಇನ್ನೊಂದು ಮಾಡಿದೆ. ಅಂಗಡಿ ಹಿಂದೆ ನಿಂತಿದ್ದ ಹಳೇ ಇಂಡಿಕಾಗೆ ಚಳ್ಳಕೆರೆಯಿಂದ ತಂದ ಶೇಂಗಾ ಎಣ್ಣೆ ಕಾಲು ಭಾಗ ಬೆರೆಸಿ ಓಡಿಸಿದೆ. ಡೀಸೆಲ್ಲನ್ನು ಪಕ್ಕದ ಸಣ್ಣ ಗೂಡಿಗೆ ಸಿಂಪಡಿಸುವ ಹಳೇ ಐಡಿಐ ಎಂಜಿನ್ ಪಾಪ, ಕೊಟ್ಟದ್ದು ತಿನ್ನುತ್ತದೆ. ಓಡಿತು. ಪಿ.ಬಿ. ರಸ್ತೆ ತುಂಬ ಮಿರ್ಚಿ ಕರಿದ ವಾಸನೆ. ಮೂರನೇ ದಿನ ಫಿಲ್ಟರ್ ಕಟ್ಟಿತು. ಎಣ್ಣೆಯ ರೇಟು ನೋಡಿದರೆ ಡೀಸೆಲ್ಲೇ ಅಗ್ಗ. ಸ್ವಿಫ್ಟ್‌ನಂಥ ಕಾಮನ್ ರೈಲ್ (ಭಾರಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ) ಗಾಡಿಗೆ ಮಾತ್ರ ಈ ಆಟ ಬೇಡ.

ಸ್ವಿಫ್ಟ್‌ಗೆ ಬರುತ್ತೇನೆ. ಟೈಮಿಂಗ್ ಚೈನ್ ಬೆಳಿಗ್ಗೆ ಸ್ಟಾರ್ಟ್‌ನಲ್ಲಿ ಗರಗರ ಅನ್ನುತ್ತಿತ್ತು. 1,60,000 ಕಿಲೋಮೀಟರ್ ಓಡಿದ ಚೈನ್ ಮೇಲೆ ಹೊಸ ಭಾರ ಹಾಕುವ ಧೈರ್ಯ ಇರಲಿಲ್ಲ, ಕಿಟ್ ಬದಲಿಸಿದೆ, 9,000. ಜೋಗಿಮಟ್ಟಿ ಏರಿನಲ್ಲಿ ಕ್ಲಚ್ ಜಾರಿತು. ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ. ಬೆಂಗಳೂರಿನಿಂದ ಹೆವಿ ಪ್ರೆಷರ್ ಪ್ಲೇಟ್ ತರಿಸಿದೆ, 11,000. ಒಟ್ಟು 75,000 ಆಸುಪಾಸು, ನನ್ನ ಕೂಲಿ ಬಿಟ್ಟು.

ಈಗ ಹೇಗಿದೆ? ವಿಜಿಟಿ ಹಾಕಿದರೆ ಲ್ಯಾಗ್ (ಕಾಲು ಒತ್ತಿದ ಮೇಲೆ ಗಾಡಿ ಎಳೆಯಲು ಆಗುವ ತಡ) ಮಾಯ ಅಂತ ಹೇಳುವವರನ್ನು ನಂಬಬೇಡಿ. 1,800 ಆರ್‌ಪಿಎಂ ಕೆಳಗೆ ಈಗಲೂ ಮಂದ. ಕಾಗದದ ಮೇಲೂ ಟಾರ್ಕ್ (ತಿರುಗಿಸುವ ಬಲ) 190ರಿಂದ 200 ಎನ್‌ಎಂಗೆ ಏರಿದ್ದು ಅಷ್ಟೇ. ಲಾಭ ಇರುವುದು ಮೇಲೆ. ಮೊದಲು 3,500 ದಾಟಿದರೆ ಉಸಿರು ಕಟ್ಟುತ್ತಿತ್ತು, ಈಗ ಎಳೆಯುತ್ತಲೇ ಇರುತ್ತದೆ. ನಾಲ್ಕನೇ ಗೇರ್‌ನಲ್ಲಿ 60ರಿಂದ 100ಕ್ಕೆ ಮೊದಲು 11 ಸೆಕೆಂಡ್ ಹತ್ತಿರ, ಈಗ ಎಂಟೂವರೆ. ಫೋನಿನ ಲೆಕ್ಕ ಇದು, ನಮ್ಮೂರಲ್ಲಿ ಎಂಜಿನ್ ಶಕ್ತಿ ಅಳೆಯುವ ಡೈನೊ ಎಲ್ಲಿದೆ? ಮೈಲೇಜ್ 19 ಇದ್ದದ್ದು 18ಕ್ಕೆ ಬಂದಿದೆ, ಅದೂ ನನ್ನ ಕಾಲಿನ ತಪ್ಪು. ಟರ್ಬೊ ರೆಕ್ಕೆ ಅಲ್ಲಾಡಿಸುವ ಆಕ್ಚುಯೇಟರ್‌ನ ಸ್ಕ್ರೂ ಎಷ್ಟು ಸುತ್ತು ತಿರುಗಿಸಿದೆ ಅನ್ನುವುದು ನನ್ನ ಹೊಟ್ಟೆಪಾಡು, ಕೇಳಬೇಡಿ.

ಬ್ಲಾಕ್ ನನ್ನದೇ, ಎಂಜಿನ್ ನಂಬರ್ ಬದಲಾಗಿಲ್ಲ. ಆದರೂ ಮಾಡುವವರು ಆರ್‌ಟಿಒ ಮತ್ತು ಇನ್ಶೂರೆನ್ಸ್ ಎರಡನ್ನೂ ಮೊದಲೇ ವಿಚಾರಿಸಿಕೊಳ್ಳಿ. 2020ರ ಏಪ್ರಿಲ್‌ಗೆ ಮಾರುತಿ ಡೀಸೆಲ್ ನಿಲ್ಲಿಸಿತು, ಹಾಗಾಗಿ ಒಳ್ಳೆಯ ಎಸ್‌ಎಕ್ಸ್4 ಸಾಮಾನು ದಿನದಿನಕ್ಕೆ ಕಮ್ಮಿ.

22,000 ಕಿಲೋಮೀಟರ್ ಆಯಿತು. ಆಯಿಲ್ ರಿಟರ್ನ್ ಪೈಪಿನ ಹತ್ತಿರ ಎರಡು ಸಲ ಒಸರಿತು. ಉಸ್ತಾದ್ ಬಾನೆಟ್ ಎತ್ತಿ ನೋಡುತ್ತಿದ್ದುದೂ ಅದನ್ನೇ. "ತಾಮ್ರದ ವಾಷರ್ ಹಾಕು ಲೇ" ಅಂದರು. ಹಾಕಿದ್ದೇನೆ. ಸದ್ಯಕ್ಕೆ ಒಣಗಿದೆ.