ಸಿನಿಮಾ ಸಂಶೋಧನೆಗೆ ವಿಶ್ವವಿದ್ಯಾಲಯದ ಗ್ರಂಥಾಲಯ: ನಾನು ಹುಡುಕುವ ಕ್ರಮ

ಗ್ರಂಥಾಲಯದ ಮುಖಪುಟದಲ್ಲಿರುವ ಎಲ್ಲವನ್ನೂ ಒಟ್ಟಿಗೆ ಹುಡುಕುವ ಪೆಟ್ಟಿಗೆಗೆ ನಾನು ಮೊದಲೇ ಕೈಹಾಕುವುದಿಲ್ಲ. ಅಲ್ಲಿ 'ಫಿಲ್ಮ್' ಎಂದು ಟೈಪ್ ಮಾಡಿದರೆ ಲೋಹದ ಮೇಲಿನ ತೆಳು ಲೇಪನದ ಬಗೆಗಿನ ಭೌತವಿಜ್ಞಾನ ಪ್ರಬಂಧಗಳೂ ಬಂದು ರಾಶಿ ಬೀಳುತ್ತವೆ. ಅದಕ್ಕೂ ಮುಂಚೆ ಚಿತ್ರದ ಗುರುತುಗಳನ್ನು ಬರೆದಿಟ್ಟುಕೊಳ್ಳುತ್ತೇನೆ: ಮೂಲ ಭಾಷೆಯ ಹೆಸರು, ಬೇರೆ ದೇಶಗಳಲ್ಲಿ ಇಟ್ಟ ಹೆಸರು, ವರ್ಷ, ನಿರ್ದೇಶಕರ ಹೆಸರಿನ ಬೇರೆ ಬೇರೆ ಕಾಗುಣಿತ. ಇಟಲಿಯ ನಿರ್ದೇಶಕ ವಿತ್ತೋರಿಯೋ ದಿ ಸೀಕಾ ಅವರ 1948ರ 'ಲಾದ್ರಿ ದಿ ಬಿಚಿಕ್ಲೆತ್ತೆ' ಬ್ರಿಟನ್ನಿನಲ್ಲಿ 'ಬೈಸಿಕಲ್ ಥೀವ್ಸ್', ಅಮೆರಿಕದಲ್ಲಿ 'ದಿ ಬೈಸಿಕಲ್ ಥೀಫ್'. ಒಂದೇ ಹೆಸರಿನಲ್ಲಿ ಹುಡುಕಿದರೆ ಉಳಿದೆರಡು ಹೆಸರಿನಲ್ಲಿ ಬಂದ ಬರಹ ಕೈತಪ್ಪುತ್ತದೆ. ಮೂರನ್ನೂ ಒಂದೊಂದಾಗಿ ಉದ್ಧರಣ ಚಿಹ್ನೆಯೊಳಗಿಟ್ಟು, ನಡುವೆ 'ಆರ್' (OR, ಇವುಗಳಲ್ಲಿ ಯಾವುದಾದರೂ) ಹಾಕಿ, ಇಡೀ ಗುಂಪನ್ನು ಆವರಣದೊಳಗೆ ಸೇರಿಸಬೇಕು. ಆಮೇಲೆ 'ಆಂಡ್' (AND, ಎರಡೂ ಇರಬೇಕು) ಹಾಕಿ ನಿರ್ದೇಶಕರ ಹೆಸರು. ಆವರಣ ಬಿಟ್ಟುಹೋದರೆ ಹಲವು ಡೇಟಾಬೇಸ್‌ಗಳು 'ಆಂಡ್' ಅನ್ನೇ ಮೊದಲು ಲೆಕ್ಕಕ್ಕೆ ತೆಗೆದುಕೊಂಡು, ನಿರ್ದೇಶಕರನ್ನು ಕೊನೆಯ ಹೆಸರಿಗಷ್ಟೇ ಜೋಡಿಸುತ್ತವೆ.

ಪುಸ್ತಕಗಳಿಗೆ ಕ್ಯಾಟಲಾಗ್. ಅಮೆರಿಕದ ದೊಡ್ಡ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಷಯಪಟ್ಟಿ ಬಳಸುವ ಕಡೆ ಸಿನಿಮಾಕ್ಕೆ ಇರುವ ಶೀರ್ಷಿಕೆ 'ಮೋಷನ್ ಪಿಕ್ಚರ್ಸ್'. ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ಕೆಲಸಕ್ಕೆ ಬರುವ ಒಂದು ಪುಸ್ತಕ ಸಿಕ್ಕರೆ ಅದರ ಪೂರ್ಣ ದಾಖಲೆ ತೆರೆದು, ಅಲ್ಲಿನ ವಿಷಯ ಶೀರ್ಷಿಕೆಗಳನ್ನು ಒತ್ತುತ್ತ ಹೋದರೆ ಸಾಕು. ಕಪಾಟಿನ ಬಳಿ ಹೋಗುವುದಾದರೆ ಅದೇ ಗ್ರಂಥಾಲಯದ ವರ್ಗೀಕರಣದಲ್ಲಿ ಪಿಎನ್ 1993ರಿಂದ 1999ರವರೆಗಿನ ಸಂಖ್ಯೆಗಳನ್ನು ನೋಡಬೇಕು. ಪ್ರಕಾರ ಮತ್ತು ವಿಷಯವಾರು ಚರ್ಚೆ 1995.9ರಲ್ಲಿ, ಬಿಡಿ ಚಿತ್ರಗಳು 1997ರಲ್ಲಿ, ನಿರ್ದೇಶಕರು 1998.3ರಲ್ಲಿ. ಒಬ್ಬರೇ ನಿರ್ದೇಶಕರ ಮೇಲಿನ ಪುಸ್ತಕಗಳು ಹೀಗೆ ಎರಡು ಮೂರು ಕಡೆ ಚದುರಿರುತ್ತವೆ. ಇನ್ನೊಂದು ವರ್ಗೀಕರಣವಾದ ಡ್ಯೂಯಿ ಪದ್ಧತಿಯಲ್ಲಾದರೆ 791.43.

ಕ್ಯಾಟಲಾಗ್‌ನ ದೊಡ್ಡ ಕೊರತೆ ಸಂಪಾದಿತ ಸಂಪುಟಗಳದ್ದು. ಈ ಕ್ಷೇತ್ರದ ಒಳ್ಳೆಯ ಬರಹಗಳು ಎಷ್ಟೋ ಸಲ ಇಂಥ ಸಂಪುಟದ ಒಂದು ಅಧ್ಯಾಯವಾಗಿ ಕೂತಿರುತ್ತವೆ, ಆದರೆ ದಾಖಲೆಯಲ್ಲಿ ಕಾಣುವುದು ಸಂಪಾದಕರ ಹೆಸರು ಮಾತ್ರ. ಎಂಎಲ್‌ಎ ಇಂಟರ್‌ನ್ಯಾಷನಲ್ ಬಿಬ್ಲಿಯೋಗ್ರಫಿ ಎಂಬ ಭಾಷೆ-ಸಾಹಿತ್ಯದ ಡೇಟಾಬೇಸ್ ಅಧ್ಯಾಯಗಳನ್ನೂ ಬಿಡಿಬಿಡಿಯಾಗಿ ಪಟ್ಟಿ ಮಾಡುತ್ತದೆ. ಅದಕ್ಕೇ ಅದನ್ನು ಬಿಡುವುದಿಲ್ಲ. ನಿಯತಕಾಲಿಕಗಳಿಗೆ 1972ರಲ್ಲಿ ಆರಂಭವಾದ ಫಿಯಾಫ್ (ಚಲನಚಿತ್ರ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ) ಸೂಚಿ, ಜೊತೆಗೆ ಡೇಟಾಬೇಸ್ ಕಂಪನಿ ಎಬ್ಸ್ಕೋದ ಫಿಲ್ಮ್ ಆಂಡ್ ಟೆಲಿವಿಷನ್ ಲಿಟರೇಚರ್ ಇಂಡೆಕ್ಸ್. ವಿದ್ವತ್ ಪತ್ರಿಕೆಗಳ ಡಿಜಿಟಲ್ ಸಂಗ್ರಹವಾದ ಜೆಸ್ಟೋರ್ ಒಳ್ಳೆಯದೇ, ಆದರೆ ಅದನ್ನೊಂದೇ ನೆಚ್ಚಿಕೊಂಡರೆ ಹೊಸ ಚರ್ಚೆ ಕಾಣದೇ ಹೋಗಬಹುದು: ಅದರ ಅನೇಕ ಪತ್ರಿಕೆಗಳ ಇತ್ತೀಚಿನ ಮೂರರಿಂದ ಐದು ವರ್ಷದ ಸಂಚಿಕೆಗಳು ಅಲ್ಲಿರುವುದಿಲ್ಲ.

'ಪೀರ್ ರಿವ್ಯೂಡ್' (ಪ್ರಕಟಣೆಗೆ ಮುಂಚೆ ಅದೇ ಕ್ಷೇತ್ರದ ತಜ್ಞರು ಪರಿಶೀಲಿಸಿದ್ದು) ಗುರುತನ್ನು ಕಣ್ಣುಮುಚ್ಚಿ ಒತ್ತಬೇಡಿ. ಅದು ಸಾಮಾನ್ಯವಾಗಿ ಇಡೀ ಪತ್ರಿಕೆಗೆ ಕೊಟ್ಟ ಗುರುತು, ಬಿಡಿ ಲೇಖನಕ್ಕಲ್ಲ. ಹಾಗಾಗಿ ಎರಡು ಪುಟದ ಪುಸ್ತಕ ವಿಮರ್ಶೆಯೂ ಒಳಗೆ ನುಸುಳುತ್ತದೆ, 1932ರಿಂದ ಬರುತ್ತಿರುವ 'ಸೈಟ್ ಆಂಡ್ ಸೌಂಡ್'ನಂಥ ನಿಯತಕಾಲಿಕ ಹೊರಗುಳಿಯುತ್ತದೆ. ಚಿತ್ರವನ್ನು ಆ ಕಾಲದಲ್ಲಿ ಹೇಗೆ ಸ್ವೀಕರಿಸಿದರು ಎಂಬುದೇ ನಿಮ್ಮ ಪ್ರಶ್ನೆಯಾದರೆ ಇಂಥ ನಿಯತಕಾಲಿಕಗಳಲ್ಲಿ ಬಿಡುಗಡೆಯ ಹೊತ್ತಿಗೆ ಬಂದ ವಿಮರ್ಶೆಗಳೇ ಮುಖ್ಯ ಆಕರ. 'ಫುಲ್ ಟೆಕ್ಸ್ಟ್ ಮಾತ್ರ' ಎಂಬುದೂ ಹೀಗೇ: ಆ ಡೇಟಾಬೇಸ್‌ನಲ್ಲಿ ಪೂರ್ಣಪಠ್ಯ ಇಲ್ಲದ ಲೇಖನ ಗ್ರಂಥಾಲಯದ ಇನ್ನೊಂದು ಚಂದಾದಲ್ಲಿ ಇದ್ದೀತು. ಗುರುತು ತೆಗೆದುಹಾಕಿ, ಲೇಖನದ ಪಕ್ಕದ ಲಿಂಕ್ ಒತ್ತಿ ನೋಡಿ.

ಹಳೆಯ ಅಮೆರಿಕನ್ ಸಿನಿಮಾ ಪತ್ರಿಕೆಗಳಿಗೆ ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯ ಲ್ಯಾಂಟರ್ನ್ ಎಂಬ ಹುಡುಕುವ ತಾಣ ಇದೆ, ಲಾಗಿನ್ ಬೇಡ. ಸ್ಕ್ಯಾನ್ ಮಾಡಿದ ಪುಟಗಳನ್ನು ಯಂತ್ರ ಓದಿರುವುದರಿಂದ ಸಣ್ಣ ಅಚ್ಚಿನಲ್ಲಿ ಅಕ್ಷರಗಳು ಅದಲುಬದಲಾಗಿರುತ್ತವೆ, ಕಾಲಮ್ಮಿನ ಅಂಚಿನಲ್ಲಿ ಹೆಸರು ತುಂಡಾಗಿರುತ್ತದೆ. ಪೂರ್ತಿ ಹೆಸರಿಗೆ ಏನೂ ಬರದಿದ್ದರೆ ಮನೆತನದ ಹೆಸರೊಂದನ್ನೇ ಕೊಟ್ಟು, ವರ್ಷದ ಮಿತಿ ಹಾಕಿ ಹುಡುಕುತ್ತೇನೆ.

ಪ್ರತಿ ಹುಡುಕಾಟಕ್ಕೂ ಡೇಟಾಬೇಸ್, ಬಳಸಿದ ಪದಸರಣಿ, ಹಾಕಿದ ಮಿತಿ, ದಿನಾಂಕ ಬರೆದಿಡುತ್ತೇನೆ. ಬ್ರೌಸರ್‌ನ ಮೇಲಿನ ವಿಳಾಸವನ್ನು ನಕಲು ಮಾಡಿದರೆ ಲಾಗಿನ್ ಅವಧಿ ಮುಗಿದ ಮೇಲೆ ಅದು ತೆರೆಯದೇ ಇರಬಹುದು. ದಾಖಲೆಯಲ್ಲೇ ಇರುವ 'ಪರ್ಮಾಲಿಂಕ್' (ಕಾಯಂ ವಿಳಾಸ) ತೆಗೆದುಕೊಳ್ಳಬೇಕು. ಎಲ್ಲೂ ಸಿಗದ ಅಧ್ಯಾಯವನ್ನು ಅಂತರ ಗ್ರಂಥಾಲಯ ಎರವಲಿನಲ್ಲಿ ಕೇಳುವಾಗ ಪುಸ್ತಕದ ಐಎಸ್‌ಬಿಎನ್, ಅಧ್ಯಾಯದ ಲೇಖಕರು, ಪುಟಸಂಖ್ಯೆ ಮೂರನ್ನೂ ಕೊಡಿ. ಪುಟಸಂಖ್ಯೆ ಇಲ್ಲದ ಕೋರಿಕೆ ಪ್ರಶ್ನೆಯಾಗಿ ನಿಮ್ಮ ಬಳಿಗೇ ವಾಪಸ್ ಬರುವುದು ಹೆಚ್ಚು.