ದೇವರನ್ನು ಎಳೆದು ತರದೆ ಪ್ರೊ-ಲೈಫ್ ವಾದ ಮಾಡುವುದು ಹೇಗೆ

ಅಮೆರಿಕದಲ್ಲಿ ಪ್ರೊ-ಲೈಫ್, ಅಂದರೆ ಗರ್ಭಪಾತದ ವಿರೋಧಿ, ಅಂದ ಕೂಡಲೇ ಜನ ನನ್ನ ಕೊರಳಲ್ಲಿ ಶಿಲುಬೆ ಹುಡುಕುತ್ತಾರೆ. ನಾನು ಹಾಸನದ ಕಡೆಯವಳು, ದೇವರನ್ನು ಕಾಲೇಜಿನಲ್ಲೇ ಬಿಟ್ಟವಳು, ಈಗ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿದ್ದೇನೆ. ನನ್ನಂಥವರು ಕಡಿಮೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ, ಯಾವ ಧರ್ಮಕ್ಕೂ ಸೇರದವರ ಪೈಕಿ ಹತ್ತಕ್ಕೆ ಎಂಟಕ್ಕಿಂತ ಜಾಸ್ತಿ ಜನ ಗರ್ಭಪಾತ ಕಾನೂನುಬದ್ಧವಾಗಿರಲಿ ಅನ್ನುತ್ತಾರೆ. ಹಾಗಂತ ನಾನೊಬ್ಬಳೇ ಅಲ್ಲ. ಕೆಲ್ಸಿ ಹಜಾರ್ಡ್ 2009ರಲ್ಲಿ ‘ಸೆಕ್ಯುಲರ್ ಪ್ರೊ-ಲೈಫ್’ ಎಂಬ ಸಂಘಟನೆ ಶುರು ಮಾಡಿದರು. ಪ್ರೊ-ಲೈಫ್ ಹೋರಾಟಗಾರ್ತಿ ಟೆರಿಸಾ ಬುಕೋವಿನಾಕ್ ನಾಸ್ತಿಕರು, ಮೇಲಾಗಿ ಗರ್ಭಪಾತದ ಹಕ್ಕಿನ ಪರ ನಿಲ್ಲುವ ಡೆಮಾಕ್ರಾಟಿಕ್ ಪಕ್ಷದವರು. ಇವರಿಗಿಂತ ಎಷ್ಟೋ ಮುಂಚೆ ‘ವಿಲೇಜ್ ವಾಯ್ಸ್’ ಪತ್ರಿಕೆಯ ನ್ಯಾಟ್ ಹೆಂಟಾಫ್ ಇದ್ದರು. ಜಾಜ್ ಸಂಗೀತ, ವಾಕ್ ಸ್ವಾತಂತ್ರ್ಯ ಅಂತ ಬರೆಯುತ್ತಿದ್ದ, ದೇವರನ್ನು ನಂಬದ ಮನುಷ್ಯ.

ನೀವೂ ಈ ಕಡೆ ವಾಲಿದ್ದೀರಿ, ಆದರೆ ಬಾಯಿ ತೆರೆದರೆ ಏನು ಹೇಳಬೇಕೆಂದು ತೋಚುವುದಿಲ್ಲ ಅಂದರೆ ಇದು ನಿಮಗೆ. ಒಪ್ಪದವರೂ ಓದಿ. ನಮ್ಮ ವಾದ ಎಲ್ಲಿ ಸಡಿಲ ಅಂತ ನಾನೇ ತೋರಿಸುತ್ತೇನೆ.

ಮೊದಲು ಜೀವಶಾಸ್ತ್ರ. ಅಂಡಾಣು, ವೀರ್ಯಾಣು ಸೇರಿದ ಮೇಲೆ ಹೊಸದೊಂದು ಮಾನವ ಜೀವಿಯ ಬೆಳವಣಿಗೆ ಶುರುವಾಗುತ್ತದೆ. ಇಷ್ಟು ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಇಷ್ಟನ್ನೇ ಹೇಳಿ, ಉಪ್ಪುಖಾರ ಹಚ್ಚಬೇಡಿ. ಆರನೇ ವಾರದ ಸ್ಕ್ಯಾನ್‌ನಲ್ಲಿ ಕಾಣುವ ಮಿಡಿತವನ್ನು ಪೂರ್ತಿ ಬೆಳೆದ ಹೃದಯ ಅನ್ನಬೇಡಿ, ನಾಲ್ಕು ಕೋಣೆ ಆಗಿನ್ನೂ ಆಗಿರುವುದಿಲ್ಲ. ಗರ್ಭಪಾತದಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಮಾತನ್ನು ವೈದ್ಯ ಸಂಸ್ಥೆಗಳು ತಳ್ಳಿಹಾಕಿವೆ, ಅದನ್ನು ಮುಟ್ಟಲೇಬೇಡಿ. ಹೊಟ್ಟೆಯಲ್ಲಿ ಎಂಟು ತಿಂಗಳು ತುಂಬಿದ ಕೂಸಿನ ಚಿತ್ರ ಹಿಡಿದು ನಿಲ್ಲುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಲ್ಲಿ ಶೇ. 90ಕ್ಕಿಂತ ಹೆಚ್ಚು ಗರ್ಭಪಾತಗಳು ಆಗುವುದು ಮೊದಲ 13 ವಾರದೊಳಗೆ. ನಿಮ್ಮ ವಾದ ಆ 13 ವಾರಕ್ಕೆ ನಿಲ್ಲದಿದ್ದರೆ ಚಿತ್ರ ಇಟ್ಟುಕೊಂಡು ಏನು ಮಾಡುತ್ತೀರಿ?

ಬಹಳ ಜನ ಇಲ್ಲಿಗೇ ಗೆದ್ದೆವು ಅಂದುಕೊಳ್ಳುತ್ತಾರೆ. ಇಲ್ಲ. ‘ಇದು ಮಾನವ ಜೀವಿ’ ಎಂದ ಮಾತ್ರಕ್ಕೆ ‘ಕೊಲ್ಲಬಾರದು’ ಅಂತ ತಾನಾಗಿಯೇ ಬರುವುದಿಲ್ಲ. ನಡುವೆ ಇನ್ನೊಂದು ಮಾತು ಬೇಕು. ಒಂದು ದಾರಿ ಸಮಾನತೆಯದು. ಗಾತ್ರ, ಬೆಳವಣಿಗೆಯ ಹಂತ, ಇರುವ ಜಾಗ, ಇನ್ನೊಬ್ಬರ ಆಸರೆ, ಈ ನಾಲ್ಕರಿಂದ ಹುಟ್ಟಿದವರ ಬೆಲೆ ಕಡಿಮೆಯಾಗುವುದಿಲ್ಲ, ಹುಟ್ಟದವರದ್ದು ಯಾಕಾಗಬೇಕು ಎಂಬುದು. ಇನ್ನೊಂದು ತತ್ವಶಾಸ್ತ್ರಜ್ಞ ಡಾನ್ ಮಾರ್ಕ್ವಿಸ್ 1989ರಲ್ಲಿ ಮುಂದಿಟ್ಟದ್ದು. ನನ್ನನ್ನು ಕೊಂದರೆ ನನ್ನ ಮುಂದಿನ ಬದುಕೆಲ್ಲ ಹೋಗುತ್ತದೆ, ಕೊಲೆ ತಪ್ಪಾಗುವುದು ಅದಕ್ಕೇ, ಭ್ರೂಣಕ್ಕೂ ಅಂಥದೇ ಮುಂದಿನ ಬದುಕಿದೆ. ನನಗೆ ಇದು ಇಷ್ಟ, ಆತ್ಮದ ಮಾತೇ ಬರುವುದಿಲ್ಲ. ಆದರೆ ಪ್ರಜ್ಞೆಯೇ ಇನ್ನೂ ಮೂಡದ ಜೀವಕ್ಕೆ ಆ ಬದುಕು ‘ತನ್ನದು’ ಆಗುವುದು ಹೇಗೆ ಅಂತ ಕೇಳುತ್ತಾರೆ. ಕೇಳುವವರು ದಡ್ಡರಲ್ಲ, ಉತ್ತರ ಯೋಚಿಸಿಟ್ಟುಕೊಳ್ಳಿ.

ನಿಜವಾದ ಪರೀಕ್ಷೆ, ತತ್ವಶಾಸ್ತ್ರಜ್ಞೆ ಜೂಡಿತ್ ಜಾರ್ವಿಸ್ ಥಾಮ್ಸನ್ ಗರ್ಭಪಾತದ ಪರವಾಗಿ 1971ರಲ್ಲಿ ಬರೆದ ಲೇಖನ. ಭ್ರೂಣವೂ ಒಬ್ಬ ವ್ಯಕ್ತಿಯೇ, ಆಯಿತು, ವಾದಕ್ಕಾಗಿ ಒಪ್ಪಿದೆ ಎಂದೇ ಆಕೆ ಶುರು ಮಾಡುತ್ತಾರೆ. ನೀವು ಬೆಳಗ್ಗೆ ಎದ್ದು ನೋಡಿದರೆ ಹೆಸರಾಂತ ಪಿಟೀಲು ವಾದಕನೊಬ್ಬನನ್ನು ನಿಮ್ಮ ಕಿಡ್ನಿಗೆ ಜೋಡಿಸಿದ್ದಾರೆ. ಒಂಬತ್ತು ತಿಂಗಳು ಹಾಗೇ ಇದ್ದರೆ ಅವನು ಉಳಿಯುತ್ತಾನೆ. ಬಿಡಿಸಿಕೊಂಡು ಎದ್ದು ಹೋಗುವ ಹಕ್ಕು ನಿಮಗಿಲ್ಲವೇ? ನೀವು ಕಷ್ಟಪಟ್ಟು ಕಲಿತ ಜೀವಶಾಸ್ತ್ರ ಇಲ್ಲಿ ಕವಡೆಗೂ ಬಾರದು.

ನಮ್ಮ ಉತ್ತರ ಎರಡು. ಒಂದು, ಗರ್ಭ ನಿಂತದ್ದರಲ್ಲಿ ಇಬ್ಬರ ಪಾಲಿದೆ, ಪಿಟೀಲಿನವನು ಯಾರೋ ಏನೋ. ಅತ್ಯಾಚಾರದ ವಿಷಯಕ್ಕೆ ಬಂದರೆ ಈ ಉತ್ತರ ಅಲ್ಲೇ ಬಿದ್ದುಹೋಗುತ್ತದೆ, ಅದನ್ನು ನೀವೇ ಮೊದಲು ಹೇಳಿಬಿಡಿ. ಎರಡು, ನೆರವು ನಿಲ್ಲಿಸುವುದು ಬೇರೆ, ಕೊಲ್ಲುವುದು ಬೇರೆ. ಈಗ ಇಲ್ಲಿ ಹೆಚ್ಚಿನ ಗರ್ಭಪಾತಗಳು ಮಾತ್ರೆಯಿಂದ ಆಗುತ್ತವೆ. ಮೈಫೆಪ್ರಿಸ್ಟೋನ್ ಎಂಬ ಮಾತ್ರೆ, ಗರ್ಭ ಉಳಿಯಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನಿನ ಕೆಲಸ ತಡೆಯುತ್ತದೆ, ಗರ್ಭಕೋಶದ ಒಳಪದರ ಸಡಿಲವಾಗುತ್ತದೆ. ಇದು ಕೊಲ್ಲುವುದೋ, ಬಿಡಿಸಿಕೊಳ್ಳುವುದೋ? ಕೊಲ್ಲುವುದೇ ಅನ್ನುತ್ತೇನೆ ನಾನು. ತನಗೆ ಬದುಕಲು ಬೇಕಾದದ್ದು ಸಿಗುವ ಒಂದೇ ಜಾಗದಿಂದ ಕಿತ್ತರೆ ಸಾವು ಖಚಿತ, ಅದೇ ಉದ್ದೇಶವೂ ಹೌದು. ಎದುರಿನವರು ಒಪ್ಪದಿದ್ದರೆ ನಮ್ಮ ಜಗಳ ಇರುವುದು ಇಲ್ಲೇ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಅದೂ ಲಾಭವೇ.

ಮಾತಿನ ನಡುವೆ ‘ನಾನು ಮಾಡಿಸಿಕೊಂಡಿದ್ದೇನೆ’ ಅಂತ ಯಾರಾದರೂ ಅಂದರೆ ಪಿಟೀಲು, ಮಾರ್ಕ್ವಿಸ್ ಎಲ್ಲ ಬದಿಗಿಡಿ. ಅವರಿಗೆ ಹೇಳುವುದಿದ್ದರೆ ಕೇಳಿ, ಇಲ್ಲದಿದ್ದರೆ ಬಿಡಿ.

ಕನ್ನಡದವರ ಮನೆಯಲ್ಲಿ ಊಟಕ್ಕೆ ಕೂತಾಗ ಮಾತು ಬೇರೆ ಕಡೆ ಹೊರಳುತ್ತದೆ. 2023ರ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಾಡಿ ಗಂಡೋ ಹೆಣ್ಣೋ ಹೇಳುತ್ತಿದ್ದ ಜಾಲ ಬೆಂಗಳೂರು ಪೊಲೀಸರಿಗೆ ಸಿಕ್ಕಿತಲ್ಲ, ಆಗ ಎಲ್ಲರೂ ‘ನೀನು ಹೇಳಿದ್ದು ಸರಿ ಬಿಡು’ ಅಂದರು. ಅತ್ತಿಗೆ ಮಾತ್ರ ಬಡಿಸುತ್ತಲೇ, ‘ಅಲ್ಲಿ ಹೆಣ್ಣು ಅಂತ ತೆಗೆಸ್ತಾರೆ. ಇಲ್ಲಿ ಹಂಗಲ್ವಲ್ಲ?’ ಅಂದರು. ಅತ್ತಿಗೆ ಹೇಳಿದ್ದು ಸರಿ. 1994ರ ಲಿಂಗ ಪತ್ತೆ ನಿಷೇಧ ಕಾಯ್ದೆ ತಡೆಯುವುದು ತಾರತಮ್ಯವನ್ನು. 1971ರ ಕಾಯ್ದೆಯ ಪ್ರಕಾರ ಭಾರತದಲ್ಲಿ ಷರತ್ತಿನ ಮೇಲೆ ಗರ್ಭಪಾತಕ್ಕೆ ಅವಕಾಶ ಇದ್ದೇ ಇದೆ. ಹೆಣ್ಣು ಭ್ರೂಣ ಹತ್ಯೆಯ ಸಿಟ್ಟನ್ನು ಸುಮ್ನೆ ನಮ್ಮ ಖಾತೆಗೆ ಜಮಾ ಮಾಡಿಕೊಳ್ಳಬೇಡಿ.

ಕಾನೂನಿನ ಬಗ್ಗೆ ಮಾತಾಡುವ ಮುಂಚೆ ಅದರ ಪಠ್ಯ ಓದಿ. ಗರ್ಭಪಾತಕ್ಕೆ ಸಂವಿಧಾನದ ರಕ್ಷಣೆ ಇಲ್ಲ ಎಂದ ಅಮೆರಿಕದ ಸುಪ್ರೀಂ ಕೋರ್ಟಿನ 2022ರ ಜೂನ್ 24ರ ಡಾಬ್ಸ್ ತೀರ್ಪಿನ ಮೇಲೆ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. ಗರ್ಭನಾಳದಲ್ಲಿ ನಿಂತ ಗರ್ಭ, ತಾನಾಗಿ ಆದ ಗರ್ಭಸ್ರಾವ, ಇವಕ್ಕೆ ಚಿಕಿತ್ಸೆ ಕೊಡಲು ಡಾಕ್ಟರು ಹೆದರುವಂತೆ ಕಾನೂನು ಬರೆದಿದ್ದರೆ ಅದನ್ನು ಮೊದಲು ಟೀಕಿಸಬೇಕಾದವರು ನಾವೇ. ಅದೇ ವರ್ಷ ಆಗಸ್ಟ್‌ನಲ್ಲಿ ಕಾನ್ಸಸ್‌ನಂಥ ರಿಪಬ್ಲಿಕನ್ ರಾಜ್ಯದಲ್ಲೇ ಸುಮಾರು ಶೇ. 59 ಮತದಾರರು ರಾಜ್ಯದ ಸಂವಿಧಾನದಲ್ಲಿ ಗರ್ಭಪಾತದ ಹಕ್ಕಿಲ್ಲ ಎನ್ನುವ, ನಮ್ಮ ಕಡೆಯ ತಿದ್ದುಪಡಿಯನ್ನು ತಿರಸ್ಕರಿಸಿದರು. ಬಸುರಿಯರಿಗೆ ಕೆಲಸದ ಜಾಗದಲ್ಲಿ ಅನುಕೂಲ ಕೊಡಿಸುವ ಕಾನೂನು 2023ರ ಜೂನ್‌ನಲ್ಲಿ ಜಾರಿಗೆ ಬಂತು, ಅಂಥದಕ್ಕೂ ಓಡಾಡಿ.

ಬೀದಿಗಿಳಿಯುವುದಾದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2005ರಿಂದ ಜನವರಿಯಲ್ಲಿ ‘ವಾಕ್ ಫಾರ್ ಲೈಫ್’ ನಡೆಯುತ್ತದೆ. ಸಿವಿಕ್ ಸೆಂಟರ್‌ನಿಂದ ಮಾರ್ಕೆಟ್ ಸ್ಟ್ರೀಟ್ ಹಿಡಿದು ನಡಿಗೆ. ಕಾರು ತರಬೇಡಿ, ಬಾರ್ಟ್ ರೈಲು ಹತ್ತಿ. ಜನವರಿ ಅಂದರೆ ಇಲ್ಲಿ ಮಳೆಗಾಲ, ಫಲಕಕ್ಕೆ ಪ್ಲಾಸ್ಟಿಕ್ ಹೊದಿಸಿ. ಎರಡೇ ಪದ ಬರೆಯಿರಿ, ‘ನಾಸ್ತಿಕಳು, ಪ್ರೊ-ಲೈಫ್’ ಅಂತ ಇಂಗ್ಲಿಷಿನಲ್ಲಿ, ರಸ್ತೆಯಾಚೆಯಿಂದ ಓದುವಷ್ಟು ದಪ್ಪ ಅಕ್ಷರದಲ್ಲಿ. ಸುತ್ತ ಜಪಮಾಲೆ ಹಿಡಿದವರೇ ಜಾಸ್ತಿ ಇರುತ್ತಾರೆ, ನಿಮಗೋಸ್ಕರ ಪ್ರಾರ್ಥಿಸುತ್ತೇವೆ ಅಂದರೆ ಥ್ಯಾಂಕ್ಸ್ ಹೇಳಿ ಮುಂದೆ ನಡೆಯಿರಿ. ಎದುರಿಗೆ ಮೈಕು ಹಿಡಿದು ಕೂಗುವವರಿಗೆ ಉತ್ತರ ಕೊಡಲು ಹೋಗಬೇಡಿ. ಕ್ಲಿನಿಕ್ಕಿನ ಬಾಗಿಲಿಗೆ ಅಡ್ಡ ಕೂರೋಣ ಬನ್ನಿ ಅಂತ ಯಾರಾದರೂ ಕರೆದರೆ ಹೋಗಬೇಡಿ. ಕ್ಲಿನಿಕ್ಕಿಗೆ ಹೋಗುವವರನ್ನು ತಡೆಯಬಾರದೆನ್ನುವ 1994ರ ಫೇಸ್ ಕಾಯ್ದೆ ಪ್ರಕಾರ ಅದು ಅಪರಾಧ, ವೀಸಾ ಮೇಲಿರುವವರಿಗಂತೂ ಇನ್ನೂ ದೊಡ್ಡ ತಲೆನೋವು.